ಬೇರಿನಲ್ಲಿ ಬಿಳಿ

ಮಾರ್ಚ್ 4, ಬೆಳಿಗ್ಗೆ

ಹನ್ನೊಂದು ನಾಯಿಗಳ ಸ್ನಾನ ಮುಗಿಯಿತು. ಸೊಂಟ ನನ್ನದಲ್ಲ. ಡ್ರೈಯರ್ ಮತ್ತೆ ಸುಟ್ಟ ವಾಸನೆ ಬಿಡುತ್ತಿದೆ — ಭಾವನಿಗೆ ಹೇಳಬೇಕು. ಇಪ್ಪತ್ತು ವರ್ಷ ಪಾರ್ಲರಿನಲ್ಲಿ ಹೆಂಗಸರ ತಲೆ ನೋಡಿಕೊಂಡವಳಿಗೆ ಈಗ ನಾಯಿಗಳ ಮೈ. ಒಂದು ಸುಖ. ಯಾವ ನಾಯಿಯೂ ಕನ್ನಡಿ ನೋಡಿ ಮುಖ ಸಿಂಡರಿಸುವುದಿಲ್ಲ.

ಅಕ್ಕ ಮರಿ ಮಾಡಿಸಿ ಮಾರುವುದು ಬಣ್ಣದ ನಾಯಿಗಳನ್ನೇ. ಹುಲಿಪಟ್ಟೆಯವು ಎರಡು, ಕಪ್ಪು-ಬಿಳಿ-ಕಂದು ಮೂರೂ ಇರುವವು ನಾಲ್ಕು, ಜೇನುಬಣ್ಣದ್ದೊಂದು. ಆದರೆ ಜನ ಹುಡುಕಿಕೊಂಡು ಬರುವುದು ಮರ್ಲ್ ನಾಯಿಗೆ. ಬೂದು ಮೈಮೇಲೆ ಯಾರೋ ಕಪ್ಪು ಶಾಯಿ ಚೆಲ್ಲಿದ ಹಾಗೆ ಇರುತ್ತದೆ. ಒಂದು ಕಣ್ಣು ನೀಲಿ. ನಮ್ಮಲ್ಲಿ ಗಂಡು ‘ದೊರೆ’, ಹೆಣ್ಣು ಮೂರು, ಹಿರಿಯದು ‘ಬೂದಿ’. ಬೂದಿ ಈಗ ತುಂಬು ಗಬ್ಬ. ದೊರೆಯದೇ.

ಡಾಕ್ಟರ್ ಬಂದು ಬೂದಿಯ ಹೊಟ್ಟೆ ಮುಟ್ಟಿ ನೋಡಿದರು. ಹೋದ ವರ್ಷವೇ ಅಕ್ಕನಿಗೆ ಹೇಳಿದ್ದರಂತೆ: ಮರ್ಲ್‌ಗೆ ಒಂದೇ ಬಣ್ಣದ ನಾಯಿ ಸೇರಿಸಿ, ತೊಂದರೆ ಇಲ್ಲ; ಎರಡೂ ಮರ್ಲ್ ಆದರೆ ನಾಲ್ಕರಲ್ಲಿ ಒಂದು ಮರಿ ಬೆಳ್ಳಗೆ ಹುಟ್ಟುತ್ತದೆ, ಅಂಥವಕ್ಕೆ ಕಿವಿ ಕೇಳುವುದು ಅಪರೂಪ, ಕಣ್ಣೂ ಅಷ್ಟಕ್ಕಷ್ಟೆ. ಇವತ್ತು ಎರಡು ಸಲ ಕೈ ತೊಳೆದುಕೊಂಡು, ಕಾಫಿ ಬೇಡವೆಂದು ಹೊರಟರು.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಬೂದಿ ಏಳು ಮರಿ ಹಾಕಿತು. ಐದು ಬಣ್ಣದವು, ಎರಡು ಬಿಳಿ. ಮೂಗು ಕೂಡ ಗುಲಾಬಿ. ಅಕ್ಕ ಐದರ ಫೋಟೊ ತೆಗೆದಳು. ಬಿಳಿಯವು ಫೋಟೊದಲ್ಲಿ ಬೀಳದ ಹಾಗೆ ಟವೆಲ್ ಎಳೆದಳು.

ಕಳೆದ ಸಲ ಬಿಳಿ ಮೂರಿದ್ದವು. ನಾನು ಬಂದ ಹೊಸತು. ಬಟ್ಟೆ ಒಣಗಿಸಿ ಬರುವಷ್ಟರಲ್ಲಿ ಇರಲಿಲ್ಲ. ಉಳಿಯಲಿಲ್ಲ ಎಂದಳು ಅಕ್ಕ. ನಂಬಿದೆ. ಗಂಡ ಬಿಟ್ಟು ಹೋಗಿ, ಪಾರ್ಲರ್ ಮುಚ್ಚಿ, ಎರಡು ಸೂಟ್‌ಕೇಸ್ ಹಿಡಿದು ಬಂದವಳಿಗೆ ರೂಮು ಕೊಟ್ಟವಳು ಅವಳು. ನಂಬದೆ ಎಲ್ಲಿಗೆ ಹೋಗುವುದು.

ಇವತ್ತು ನಾನು ಅಲ್ಲೇ ಇದ್ದೆ. ಭಾವ ಹಿತ್ತಲಲ್ಲಿ ಬಕೆಟ್ಟಿಗೆ ನೀರು ತುಂಬಿಸಿದರು. ಜೋರು ಮನುಷ್ಯರಲ್ಲ, ಇರುವೆ ಸಾಲು ಕಂಡರೆ ಪಕ್ಕಕ್ಕೆ ಕಾಲಿಡುವವರು. ಅದೇ ಮೆತ್ತಗಿನ ಕೈಯಲ್ಲಿ ಒಂದು ಬಿಳಿ ಮರಿಯನ್ನು ಎತ್ತಿಕೊಂಡು ಹೋದರು. ಬಕೆಟ್ಟಿನ ಮುಚ್ಚಳ ಹಾಕಿದ ಸದ್ದಾಯಿತು. ಇನ್ನೊಂದಕ್ಕೆ ವಾಪಸು ಬರುವಷ್ಟರಲ್ಲಿ ಅದು ನನ್ನ ಏಪ್ರನ್ ಜೇಬಿನಲ್ಲಿತ್ತು.

ಅಕ್ಕ ಬಾಗಿಲಲ್ಲಿ. ಬಾಯಿಗೆ ಬಂದದ್ದು ಇದು:

“ಇದನ್ನ ನನಗೆ ಬಿಡು. ಬಣ್ಣ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ.”

ಹೆದರಿ ಅಂದೆನೋ, ತಮಾಷೆಗೆ ಅಂದೆನೋ. ಅಕ್ಕ ನಗಲಿಲ್ಲ. ತುಂಬ ಹೊತ್ತು ನೋಡಿದಳು. ಮರಿಯನ್ನಲ್ಲ, ನನ್ನ ಕೈಗಳನ್ನು.

ಮಾರ್ಚ್ 31

ಸ್ಟೀಲ್ ಪಾತ್ರೆ ಕೈಜಾರಿ ಬಿತ್ತು. ಐದು ಮರಿಗಳೂ ಚೆಲ್ಲಾಪಿಲ್ಲಿ. ಬಿಳಿಯದು ಅಲ್ಲಾಡಲಿಲ್ಲ. ನಿದ್ದೆ. ಹತ್ತಿರ ಹೋಗಿ ಚಪ್ಪಾಳೆ ತಟ್ಟಿದೆ. ಬೀಗದ ಕೈಗೊಂಚಲು ಅಲ್ಲಾಡಿಸಿದೆ. ಏನಿಲ್ಲ. ಬೆನ್ನು ಮುಟ್ಟಿದ್ದೇ ತಡ, ಇಡೀ ಮೈ ಎಗರಿ ನನ್ನ ಬೆರಳು ಕಚ್ಚಿತು. ಹಾಲುಹಲ್ಲು. ಗಾಯವೇನಿಲ್ಲ. ಆಮೇಲೆ ನನ್ನ ವಾಸನೆ ಹಿಡಿದು, ತಪ್ಪಾಯಿತು ಅನ್ನುವ ಹಾಗೆ ಅದೇ ಬೆರಳನ್ನು ನೆಕ್ಕುತ್ತಾ ಕೂತಿತು.

ಬಲಗಣ್ಣು ಕಾಣುತ್ತದೆ. ಎಡದ್ದು ಬರೀ ನೆರಳು ಹಿಡಿಯುತ್ತದೆ ಅನ್ನಿಸುತ್ತೆ.

ಏಪ್ರಿಲ್ 26, ಸಂಜೆ

ಮಾಡಿದೆ.

ಅಮೋನಿಯಾ ಇಲ್ಲದ ಡೈ. ಮೊದಲು ಹೊಗೆಬಣ್ಣ, ಬೆನ್ನಿಗೆ ಮತ್ತು ಪಕ್ಕೆಗೆ. ಒಣಗಿದ ಮೇಲೆ ಸಣ್ಣ ಬ್ರಷ್ಷಿನಲ್ಲಿ ಕಪ್ಪು ಮಚ್ಚೆಗಳು — ಅಂಚು ಹರಿದ ಹಾಗೆ ಇರಬೇಕು, ದುಂಡಗಿದ್ದರೆ ಸಿಕ್ಕಿಬೀಳುತ್ತೇವೆ. ಕತ್ತಿನ ಸುತ್ತ ಮತ್ತು ಪಾದ ಬಿಳಿಯೇ ಬಿಟ್ಟೆ, ಎಲ್ಲಕ್ಕೂ ಹಾಗೇ ಇರುತ್ತದೆ. ಮೂಗಿಗೆ ಏನೂ ಮಾಡಲಾಗುವುದಿಲ್ಲ. ಬೆಳೆದರೆ ಕಪ್ಪಾಗುತ್ತೆ ಅಂದರಾಯಿತು ಎಂದಳು ಅಕ್ಕ. ಮೂರೂವರೆ ಗಂಟೆ ಅಲ್ಲಾಡದೆ ಕೂತಿತ್ತು, ಪಾಪ. ಡ್ರೈಯರಿನ ಬಿಸಿಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿತು.

ಚೆನ್ನಾಗಿ ಬಂದಿದೆ. ಐದು ಅಸಲಿಗಳ ನಡುವೆ ಬಿಟ್ಟರೆ ಇದೇ ಅಸಲಿ. ಭಾವ ಬಂದು ನೋಡಿ, ಕೈ ಹಿಂದೆ ಕಟ್ಟಿಕೊಂಡು ಹೋದರು. ನನಗೆ — ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ — ಹೆಮ್ಮೆ ಆಯಿತು.

ಮೇ 3, ಶನಿವಾರ

ಹೋಯಿತು. ಒಬ್ಬ ಸ್ಕೂಲ್ ಟೀಚರ್, ಅವರ ಗಂಡ, ನಾಲ್ಕು ವರ್ಷದ ಮಗಳು. ಆರರಲ್ಲಿ ಮಗು ನೇರ ಅದರ ಹತ್ತಿರವೇ ಹೋಗಿ ಕೂತಿತು. ಉಳಿದವು ಕರೆದರೆ ಓಡಿ ಬಂದವು. ಇದು ಬರಲಿಲ್ಲ. ಎಷ್ಟು ಸಮಾಧಾನದ ಮರಿ, ಗಲಾಟೆಯೇ ಇಲ್ಲ ಎಂದರು ಟೀಚರ್. ಹೂಂ, ಇದು ಸ್ವಲ್ಪ ಗಂಭೀರ ಎಂದಳು ಅಕ್ಕ.

ಮಗು ‘ಮೋಡ’ ಎಂದು ಹೆಸರಿಟ್ಟಿತು. ಮೋಡ, ಮೋಡ ಎಂದು ಅದರ ಕಿವಿಯಲ್ಲಿ ಕೂಗಿತು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಬದುಕಿತಲ್ಲ. ಅಷ್ಟು ಸಾಕು.

ಮೇ 11

ಟೀಚರ್ ಫೋನು. ಅಕ್ಕ ನನ್ನ ಕೈಗೆ ಕೊಟ್ಟಳು. ಕರೆದರೆ ಬರುವುದಿಲ್ಲ, ನಿದ್ದೆಯಿಂದ ಏಳುವಾಗ ಬೆಚ್ಚಿ ಹಲ್ಲು ತೋರಿಸುತ್ತದೆ ಎಂದರು. ಹೊಸ ಜಾಗ, ಮೊದಮೊದಲು ಹಾಗೇ ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದಷ್ಟು ಸಿಹಿಯಾಗಿತ್ತು.

ಜೂನ್ 14, ಟೀಚರ್ ಮನೆಯಿಂದ ಬಂದು

ಕೂದಲ ಬೇರಿನಲ್ಲಿ ಬಿಳಿ ಬರುತ್ತಿದೆ. ಬರಲೇಬೇಕು. ಅದಕ್ಕೆ ಅಕ್ಕನ ಉಪಾಯ: ನಮ್ಮಲ್ಲಿ ಮರಿ ಒಯ್ದವರಿಗೆ ತಿಂಗಳಿಗೊಂದು ಸ್ನಾನ ಉಚಿತ, ಮನೆಗೇ ಬಂದು ಮಾಡಿಕೊಡುತ್ತೇವೆ.

ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬೇರಿಗೆ ಮತ್ತೆ ಬಣ್ಣ ಹಚ್ಚಿದೆ. ಔಷಧಿ ಶಾಂಪೂ, ಕಣ್ಣಿಗೆ ಉರಿ, ಮಗುವನ್ನು ಒಳಗೆ ಬಿಡಬೇಡಿ ಎಂದಿದ್ದೆ. ಮೋಡ ನನ್ನನ್ನು ಮರೆತಿಲ್ಲ. ಮಣಿಕಟ್ಟಿಗೆ ಮೂಗು ಒತ್ತಿ ನಿಂತಿತು. ಮಗು ಹೊರಗೆ ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿ, ಸ್ನಾನದ ಆಂಟಿ, ಆಯ್ತಾ, ಆಯ್ತಾ ಎನ್ನುತ್ತಿತ್ತು.

ಹೊರಡುವಾಗ ಮಗುವನ್ನು ಕೂರಿಸಿಕೊಂಡು ಒಂದು ಆಟ ಹೇಳಿಕೊಟ್ಟೆ. ಮೋಡ ಮಲಗಿದ್ದಾಗ ಸುಮ್ಮನೆ ಮುಟ್ಟಬಾರದು. ಮೊದಲು ನೆಲಕ್ಕೆ ಮೂರು ಸಲ ಕಾಲು ಕುಟ್ಟಬೇಕು. ಅದು ತಲೆ ಎತ್ತಿ ನೋಡಿದ ಮೇಲೆ ಹೋಗಬೇಕು. ಯಾಕೆ? ಅದರ ಮನೆಗೆ ಬಾಗಿಲು ತಟ್ಟಿದ ಹಾಗೆ. ಮಗುವಿಗೆ ಇಷ್ಟವಾಯಿತು. ಧಪ್ ಧಪ್ ಧಪ್. ನೆಲ ನಡುಗಿತು, ಮೋಡ ಎದ್ದಿತು. ಎಲ್ಲರೂ ನಕ್ಕರು.

ನಿಮಗೆ ಮಕ್ಕಳ ಜೊತೆ ಎಷ್ಟು ಚೆನ್ನಾಗಿ ಹೊಂದುತ್ತೆ ಎಂದರು ಟೀಚರ್.

ಜುಲೈ 19

ಮತ್ತೆ ಹೋಗಿ ಬಂದೆ. ಮೋಡ ದೊಡ್ಡದಾಗಿದೆ, ಹಲ್ಲು ಬದಲಾಗಿವೆ. ಟೀಚರ್ ಟೀ ಕೊಟ್ಟು ಎದುರಿಗೆ ಕೂತರು. ಗಂಡನಿಗೆ ಯಾಕೋ ಅನುಮಾನವಂತೆ, ಕಿವಿ ತೋರಿಸೋಣ ಎನ್ನುತ್ತಾರಂತೆ. ನೀವು ನೋಡಿದವರು, ನೀವೇನಂತೀರಿ ಎಂದು ಕೇಳಿದರು.

ಹೇಳಬಹುದಿತ್ತು. ಟೀ ಲೋಟ ಕೆಳಗಿಟ್ಟೆ ಕೂಡ. ಆಗಲೇ ಅಕ್ಕನ ಫೋನು, ಎಲ್ಲಿದ್ದೀ ಅಂತ. ಉತ್ತರ ಕೊಟ್ಟು ಇಟ್ಟ ಮೇಲೆ, ಏನಿಲ್ಲ, ಹಟಮಾರಿ ಜಾತಿ ಎಂದುಬಿಟ್ಟೆ. ಟೀಚರ್ ಮುಖ ಹಗುರಾಯಿತು.

ಆಗಸ್ಟ್ 31

ಬರೆಯದೆ ಒಂದೂವರೆ ತಿಂಗಳು. ಬರೆಯುವಂಥದ್ದೇನೂ ಮಾಡಲಿಲ್ಲ.

ಈಗ ನಮ್ಮಲ್ಲಿ ಬಿಳಿ ಮರಿ ಸಾಯುವುದಿಲ್ಲ. ಜೂನ್ ಮೊದಲ ವಾರ ಇನ್ನೆರಡು ಮರ್ಲ್ ಹೆಣ್ಣುಗಳು ಮರಿ ಹಾಕಿದವು. ತಂದೆ ದೊರೆಯೇ. ಬಿಳಿ ಮೂರು. ಭಾವ ಬಕೆಟ್ ತೊಳೆದು ಬೋರಲು ಹಾಕಿದ್ದಾರೆ, ಅವರಿಗೆ ನೆಮ್ಮದಿ. ಡಾಕ್ಟರನ್ನು ಅಕ್ಕ ಕರೆಸುವುದನ್ನೇ ಬಿಟ್ಟಳು. ಮೂರಕ್ಕೂ ಬಣ್ಣ ಹಾಕಿದೆ. ಮೂರೂ ಹೋದವು. ಈಗ ಕೈ ತಾನೇ ಮಾಡುತ್ತದೆ, ಎರಡು ಗಂಟೆ ಸಾಕು. ಮೂರನೆಯದಕ್ಕೆ ನಾನು ಹಾಡು ಗುನುಗುತ್ತಿದ್ದೆನಂತೆ. ಅಕ್ಕ ಹೇಳಿದಳು.

ಉಗುರಿನ ಸಂದಿಯ ಕಪ್ಪು ಹೋಗುತ್ತಿಲ್ಲ.

ನವೆಂಬರ್ 2, ಭಾನುವಾರ, ಸಂಜೆ 5

ಟೀಚರ್ ಫೋನು. ಆಸ್ಪತ್ರೆಯಿಂದ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಮಾತಾಡಿದರು.

ಮಧ್ಯಾಹ್ನ ಮೋಡ ಸೋಫಾದ ಪಕ್ಕ ಮಲಗಿತ್ತು. ಮಗು ಹೋಗಿ ತಬ್ಬಿಕೊಂಡಿತು. ಕಚ್ಚಿದ್ದು ಕೆನ್ನೆಗೆ, ಕಣ್ಣಿನ ಕೆಳಗೆ. ಹದಿನಾಲ್ಕು ಹೊಲಿಗೆ. ಕಣ್ಣು ಉಳಿಯುತ್ತದೆ ಎಂದಿದ್ದಾರಂತೆ. ಖಚಿತವಾಗಿ ಹೇಳಲು ಎರಡು ದಿನ ಬೇಕಂತೆ.

“ಆಂಟಿ ಹೇಳಿದ ಹಾಗೇ ಕಾಲು ಕುಟ್ಟಿದೆ ಅಂತಾಳೆ. ಅದೇ ಹೇಳ್ಕೊಂಡು ಅಳ್ತಿದಾಳೆ. ಹೋದ ವಾರ ಹಾಲ್‌ಗೆ ದಪ್ಪ ಕಾರ್ಪೆಟ್ ಹಾಕ್ಸಿದ್ವಿ, ಅದ್ರ ಮೇಲೆ ಧಪ್ ಅನ್ಲಿಲ್ಲ ಅಂತಾಳೆ... ಕಾಲು ಕುಟ್ಟೋದಕ್ಕೂ ನಾಯಿ ಕಚ್ಚೋದಕ್ಕೂ ಏನ್ ಸಂಬಂಧ, ನನಗೆ ಅರ್ಥ ಆಗ್ತಿಲ್ಲ. ನಿಮಗೆ ಗೊತ್ತಾ?”

ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ನವೆಂಬರ್ 3

ಟೀಚರ್ ಗಂಡ ಮೋಡನನ್ನು ನಮ್ಮ ನಾಯಿ ಡಾಕ್ಟರ ಹತ್ತಿರ ಬಿಟ್ಟು ಹೋಗಿದ್ದಾರೆ. ಕಚ್ಚಿದ ನಾಯಿ, ರೇಬೀಸ್ ಇದೆಯೇ ಎಂದು ಹತ್ತು ದಿನ ನೋಡಬೇಕಂತೆ. ಡಾಕ್ಟರ್ ನನ್ನನ್ನು ಕರೆಸಿದರು. ಮೋಡ ಪಂಜರದಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಅವರು ಅದರ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನನ್ನತ್ತ ನೋಡಿದರು. ಆಮೇಲೆ ಸರಳಿನೊಳಗೆ ಕೈ ಹಾಕಿ ಕೂದಲು ಬಿಡಿಸಿದರು. ಬುಡದಲ್ಲಿ ಅರ್ಧ ಬೆರಳು ಬಿಳಿ. ಹೋದ ತಿಂಗಳು ನಾನು ಹೋಗಿರಲಿಲ್ಲ.

“ಇದು ಕಲಿತ ಕೈಯಮ್ಮ,” ಎಂದರು. “ಅವರಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?”

ಒಂದು ದಿನ ಕೊಡಿ ಎಂದೆ.

ಅಕ್ಕನಿಗೆ ತಿಳಿಸಿದೆ. ಅವಳು ಮರಿಗಳಿಗೆ ಹಾಲು ಕಲಸುತ್ತಿದ್ದಳು, ನಿಲ್ಲಿಸಲಿಲ್ಲ. ಮಗು ಕಿವಿ ಎಳೆದಿರಬೇಕು, ಮಕ್ಕಳೇ ಹಾಗೆ, ಅಷ್ಟೇ ಹೇಳು ಎಂದಳು. ಆಗಲ್ಲ ಎಂದೆ. ಆಗ ಚಮಚ ಇಟ್ಟಳು.

“ಬಣ್ಣ ಹಾಕ್ತೀನಿ ಅಂದೋಳು ಯಾರು? ನಾನು ಕೇಳಿದ್ನಾ? ಹೋಗಿ ಹೇಳು. ಹೇಳಿ ವಾಪಸು ಇಲ್ಲಿಗೆ ಬರ್ಬೇಡ.”

ಕೇಳಿರಲಿಲ್ಲ. ಅದು ನಿಜ. ಭಾವ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಒಂದು ಪುಟವನ್ನೂ ತಿರುವಲಿಲ್ಲ.

ನವೆಂಬರ್ 4, ಆಸ್ಪತ್ರೆ ಎದುರಿನ ಬೆಂಚು, ಮಧ್ಯಾಹ್ನ 3

ಹೇಳಿದೆ. ವಾರ್ಡಿನ ಹೊರಗೆ, ನೀರಿನ ನಲ್ಲಿ ಹತ್ತಿರ. ಹುಟ್ಟಿದ್ದು, ಬಕೆಟ್ಟು, ಡೈ, ಬಾತ್‌ರೂಮಿನ ಬಾಗಿಲು ಹಾಕಿಕೊಂಡದ್ದು, ಕಾಲು ಕುಟ್ಟುವ ಆಟ ಯಾಕೆ ಎನ್ನುವುದು. ಟೀಚರ್ ಬಾಟಲಿಗೆ ನೀರು ಹಿಡಿಯುತ್ತಿದ್ದರು. ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ...

ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದರು:

“ಇಂಥವು ಇನ್ನೆಷ್ಟು ಮನೇಲಿವೆ?”

ಮೂರು ಎಂದೆ.

“ಅವರಿಗೆ ಗೊತ್ತಾ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ನನ್ನ ಹತ್ರ ಕ್ಷಮೆ ಕೇಳ್ಕೊಂಡು ನಿಂತಿದೀರಲ್ರೀ. ಹೋಗಿ ಅವರಿಗೆ ಫೋನ್ ಮಾಡಿ.”

ಬಾಗಿಲ ಗಾಜಿನಲ್ಲಿ ಮಗು ಕಂಡಿತು. ಅರ್ಧ ಮುಖಕ್ಕೆ ಬ್ಯಾಂಡೇಜು. ನನ್ನನ್ನು ಗುರುತು ಹಿಡಿದು ಕೈ ಎತ್ತಿತು. ಸ್ನಾನದ ಆಂಟಿ. ನಾನು ತಿರುಗಿ ನಡೆದೆ.

ನವೆಂಬರ್ 4, ಸಂಜೆ 6, ಡಾಕ್ಟರ ಕ್ಲಿನಿಕ್

ಸೂಟ್‌ಕೇಸ್ ತರಲು ಹೋದರೆ ಎರಡೂ ಗೇಟಿನ ಹೊರಗೇ ಇದ್ದವು. ಸದ್ಯಕ್ಕೆ ಇಲ್ಲಿ, ಔಷಧಿ ಡಬ್ಬಗಳ ನಡುವೆ ಒಂದು ಕುರ್ಚಿ. ಪಕ್ಕದ ಕೋಣೆಯಲ್ಲಿ ಮೋಡ.

ಮೊದಲ ಮನೆ — ಟೈಲರ್ ಒಬ್ಬರು. ಎಲ್ಲ ಕೇಳಿಸಿಕೊಂಡು, ಕೆಟ್ಟದಾಗಿ ಬೈದು ಇಟ್ಟರು. ಬೈದದ್ದಕ್ಕೆ ಸಮಾಧಾನವಾಯಿತು. ಕೇಳಿಸಿಕೊಂಡರಲ್ಲ. ಎರಡನೆಯ ಮನೆ — ಬ್ಯಾಂಕಿನ ನಿವೃತ್ತರು. ಅವರಿಗೆ ಯಾವಾಗಲೋ ತಿಳಿದಿದೆ. ಕೈಸನ್ನೆ ಕಲಿಸಿದ್ದಾರಂತೆ. ಬಣ್ಣ ಹಾಕೋಕೆ ಇನ್ನು ಬರಬೇಡಿ, ಬಿಳಿ ಚೆನ್ನಾಗೇ ಇದೆ ಎಂದರು. ಫೋನು ಇಟ್ಟು ಸ್ವಲ್ಪ ಹೊತ್ತು ಅತ್ತೆ.

ಮೂರನೆಯ ಮನೆ ಒಬ್ಬ ಡ್ರೈವರ್‌ದು. ಹೆಂಡತಿ ಬಸುರಿ ಇದ್ದರು. ಮಗು ಬರುವ ಮುಂಚೆ ನಾಯಿ ಮನೆಗೆ ಒಗ್ಗಲಿ ಎಂದು ಅವಸರ ಮಾಡಿ ಒಯ್ದಿದ್ದರು. ಹೋದ ತಿಂಗಳು ಸ್ನಾನಕ್ಕೆ ಬರುತ್ತೇನೆಂದು ಫೋನು ಮಾಡಿದಾಗ, ಹೆರಿಗೆ ಆಗಿದೆ, ಮನೆ ತುಂಬ ಜನ, ಈಗ ಬರಬೇಡಿ ಎಂದಿದ್ದರು. ಸಂತೋಷ ಎಂದಿದ್ದೆ. ಸಂತೋಷ ಎಂದು ಹೇಳಿ ಫೋನು ಇಟ್ಟಿದ್ದೆ!

ನಾಲ್ಕು ಸಲ ಮಾಡಿದೆ. ಎತ್ತುತ್ತಿಲ್ಲ. ಡಾಕ್ಟರ್ ವಿಳಾಸ ಬರೆದುಕೊಂಡು ಸ್ಕೂಟರ್ ಹತ್ತಿ ಹೊರಟರು. ನಾನು ಮಾಡುತ್ತಲೇ ಇರಬೇಕಂತೆ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿರುವುದು.

ಐದನೆಯ ಸಲ. ರಿಂಗ್ ಆಗುತ್ತಿದೆ. ಆಗುತ್ತಿದೆ.

ಎತ್ತಿದರು. ಯಾರೂ ಮಾತಾಡುತ್ತಿಲ್ಲ. ಹಿಂದೆ ಮಗು ಅಳುತ್ತಿದೆ, ತುಂಬ ಜೋರಾಗಿ. ಹಸಿವಿಗೆ ಇರಬಹುದು. ಎಳೆಮಕ್ಕಳು ಹಸಿವಿಗೂ ಹೀಗೇ ಅಳುತ್ತವೆ. ಹಸಿವಿಗೇ ಇರ—