ಲ್ಹಾಮೋ ಬಿಟ್ಟುಹೋದ ಚಹಾ

ಮಹಾಂತೇಶ ನಗರ, ಬೆಳಗಾವಿ
ನವೆಂಬರ್ ೧೪

ಮುಂಡಗೋಡದಲ್ಲಿರುವ ಮಗಳು ಯಾಂಗ್ಚೆನ್‌ಗೆ ಭರಮವ್ವ ಮಾವಶಿಯ ಆಶೀರ್ವಾದ.

ಈಗ ಸಂಜೆ ಆರೂವರೆ. ನಿನ್ನ ತಾಯಿ, ನೀನು ಅಮಾಲಾ ಎನ್ನುವ ನನ್ನ ಲ್ಹಾಮೋ, ತೀರಿಕೊಂಡು ಇವತ್ತಿಗೆ ನಲವತ್ತೊಂಬತ್ತು ದಿನ. ಅಲ್ಲಿ ಮಠದಲ್ಲಿ ನೀವೆಲ್ಲ ದೀಪ ಹಚ್ಚಿರುತ್ತೀರಿ. ಇಲ್ಲಿ ನಮ್ಮ ಮನೆಯಲ್ಲಿ ಅವಳು ಪ್ರತಿ ಚಳಿಗಾಲ ಬಾಡಿಗೆಗೆ ಇರುತ್ತಿದ್ದ ಖೋಲಿಯಲ್ಲಿ ನಾನೂ ತುಪ್ಪದ ದೀಪ ಹಚ್ಚಿದ್ದೇನೆ. ಬೆಳಿಗ್ಗೆ, ಕಳೆದ ಚಳಿಗಾಲ ಮುಗಿದು ಊರಿಗೆ ಹೊರಟಾಗ ಅವಳು ಬಿಟ್ಟುಹೋದ ಸ್ವೆಟರ್ ಗಂಟುಗಳನ್ನು ಬಿಚ್ಚಿ ಬಿಸಿಲಿಗೆ ಹಾಕಿದೆ. ನುಸಿ ಹಿಡಿದಿಲ್ಲ.

"ಅಮಾಲಾ ಕುಂತ ಜಾಗಾದಾಗ ನಾ ಹೆಂಗ ಕುಂದರ್ಲಿ ಮಾವಶಿ, ಉಳಿದ ಮಾಲು ಯಾರಿಗರೆ ಕೊಟ್ಟಬಿಡ್ರಿ" ಎಂದು ನೀನು ಫೋನಿನಲ್ಲಿ ಅತ್ತೆ. ಅವಳು ಬಿಟ್ಟ ಚಹಾದ ಬಗ್ಗೆಯೂ ನೀನು ಕೇಳಿದೆ. ಅದನ್ನು ಕೊನೆಗೆ ಬರೆಯುತ್ತೇನೆ.

ಮಾಲು ಯಾರಿಗೂ ಕೊಡುವುದಿಲ್ಲ. ನಿನ್ನೆ ನಿಮ್ಮ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳ ಸಾಲಿಗೆ ಹೋಗಿದ್ದೆ. ನಿಮ್ಮವರಲ್ಲಿ ಹಿರಿಯರಾದ ದೋರ್ಜೆ, "ಅಕ್ಕಾರ, ಈ ವಾರ ಯಾರೂ ಕುಂದರಲಿಲ್ಲಂದ್ರ ಲ್ಹಾಮೋನ ಜಾಗಾ ಬ್ಯಾರೇದವರಿಗೆ ಹೋಗತೈತಿ" ಅಂದರು. ನಾನು ಕೂಡುತ್ತೇನೆ ಅಂದೆ. ಅವರು ನನ್ನ ಹಣೆಯ ವಿಭೂತಿ ನೋಡಿ ನಕ್ಕರು. "ಗಿರಾಕಿ ಗಾಬರಿ ಆಗ್ತಾರಲ್ರಿ!" ಆಗಲಿ.

ಮನೆಯಲ್ಲಿ ನನ್ನ ಮಗ ಚೇತನ, "ಅರವತ್ತರಾಗ ಅಂಗಡಿ ಹಚ್ಚತಿಯೇನಬೇ?" ಎಂದು ಸಿಟ್ಟಾಗಿದ್ದಾನೆ. ಅವನಿಗೆ ನೆನಪಿಲ್ಲ. ಅವರಪ್ಪ ತೀರಿಕೊಂಡ ವರ್ಷ ನಾನು ಒಲೆ ಹಚ್ಚುವುದನ್ನೂ ಬಿಟ್ಟಿದ್ದೆ. ಆಗ ಲ್ಹಾಮೋ ನನ್ನ ಕೈ ಹಿಡಿದು ಎಬ್ಬಿಸಿ, "ಭಾಳ ಅಳಬ್ಯಾಡ ಅಕ್ಕಾ, ಹೋಗಾಂವಗ ಹಾದಿ ತಪ್ಪತೈತಿ. ಬಾ, ಸ್ವೆಟರ್ ಮಡಚು" ಎಂದು ಅಂಗಡಿಗೆ ಕರೆದುಕೊಂಡು ಹೋದಳು. ಆ ಚಳಿಗಾಲವಿಡೀ ಮಡಚಿದೆ. ಖಾನಾಪುರದ ಗಿರಾಕಿಯೊಬ್ಬ ಭಾಳ ತುಟ್ಟಿ ಎಂದು ಗೊಣಗಿದಾಗ ಅವಳು, "ನಿಮ್ಮೂರಿನ ಥಂಡಿ ಸೋವಿ ಐತೇನ್ರಿ?" ಎಂದಿದ್ದಳು. ನಮ್ಮವರು ತೀರಿಕೊಂಡ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು.

ಆದ್ದರಿಂದ ಯಾಂಗ್ಚೆನ್, ಆ ಜಾಗ ನಿನ್ನದೇ, ನೀನು ಬರುವ ತನಕ ನಾನು ಕೂಡುತ್ತೇನೆ. ಈ ವರ್ಷ ಆಗದಿದ್ದರೆ ಬರುವ ವರ್ಷ ಬಾ. ಖೋಲಿಯನ್ನು ಬೇರೆಯವರಿಗೆ ಕೊಡುವುದಿಲ್ಲ.

ನಿನ್ನ ಮಾವಶಿ,
ಭರಮವ್ವ

ತಾ.ಕ.: ಪ್ರತಿ ವರ್ಷ ಊರಿಗೆ ಹೊರಡುವಾಗ ಅವಳು ಚಹಾ ಒಂದೇ ಗುಟುಕು ಕುಡಿದು, ತುಂಬಿದ ಕಪ್ಪನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ತಿರುಗಿ ಬಂದು ಉಳಿದದ್ದನ್ನು ಕುಡಿಯುತ್ತೇನೆ ಎಂಬ ಗುರುತಿಗೆ ನಿಮ್ಮಲ್ಲಿ ಹಾಗೆ ಬಿಡುತ್ತಾರಂತೆ. ಅವಳು ಮುಂಡಗೋಡ ಮುಟ್ಟಿದೆನೆಂದು ಫೋನು ಮಾಡುವ ತನಕ ನಾನು ಅದನ್ನು ತೆಗೆಯುತ್ತಿರಲಿಲ್ಲ. ಅವಳು ಕೊನೆಯ ಸಲ ಹೊರಟಾಗಲೂ ಹಾಗೇ ಇಟ್ಟಿದ್ದಿರಾ ಎಂದು ನೀನು ಕೇಳಿದಾಗ ಹೂಂ ಅಂದೆ. ಅದು ಸುಳ್ಳು. ಅವತ್ತು ಬೀಗರು ಬರುವವರಿದ್ದರು. ಅವಳ ಆಟೋ ಓಣಿ ದಾಟುವ ಮೊದಲೇ ಚಹಾ ಚೆಲ್ಲಿ ಕಪ್ಪು ತೊಳೆದಿಟ್ಟೆ. ಇದನ್ನು ಚೇತನನಿಗೂ ಹೇಳಿಲ್ಲ. ನೀನು ಸಿಟ್ಟಾದರೂ ಸರಿ, ಬಂದು ಎದುರಿಗೇ ಬೈದು ಹೋಗು. ನಾಳೆ ಒಂಬತ್ತಕ್ಕೆ ಅಂಗಡಿ ತೆಗೆಯುತ್ತೇನೆ.