ಲಿನ್ ಬಾಯಿ ಬಿಟ್ಟಳು

ಪ್ರೀತಿಯ ಅಕ್ಕಾ,

ನೀವು ಬದುಕಿದ್ದಾಗ ನಮ್ಮಿಬ್ಬರ ನಡುವೆ ನೇರವಾಗಿ ಒಂದು ಪೂರ್ತಿ ವಾಕ್ಯ ಓಡಾಡಲಿಲ್ಲ. ನಿಮ್ಮ ಚೈನೀಸ್ ನನಗೆ ಬಾರದು, ನನ್ನ ಕನ್ನಡ ನಿಮಗೆ ಬಾರದು, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಈಗ ನೀವಿರುವ ಕಡೆ ಭಾಷೆಯ ತೊಡಕು ಇರಲಾರದೆಂದು ನಂಬಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಲಿನ್ ವಿಷಯ. ಹೆದರಬೇಡಿ, ಒಳ್ಳೆಯದೇ ಆಗಿದೆ.

ಈ ಸೈಪ್ರೆಸ್ ಊರಿನ ನಿಮ್ಮ ದಿನಸಿ ಅಂಗಡಿಗೆ ನಾನು ಮೊದಲು ಬಂದದ್ದು ಬಾಳೆಲೆಗಾಗಿ. ನಮ್ಮವರು ದೇವಸ್ಥಾನದ ಅಡುಗೆಯವರಲ್ಲವೇ, ಅಂದು ಎಲೆ ಸಾಲದೆ ಬಂದಿತ್ತು. ಬಾಗಿಲ ಪಕ್ಕ, ಬರಿ ನೆಲದ ಮೇಲೆ, ಕೆಂಪು ಗೂಡಿನಲ್ಲಿ ನಿಮ್ಮ ದೇವರು! ಯಾರದಾದರೂ ಕಾಲು ತಾಗೀತು ಎಂದು ನನ್ನ ಜೀವ ಹಾರಿತು. ಹೇಳದೆ ಕೇಳದೆ ಎತ್ತಿ ಅಕ್ಕಿ ಮೂಟೆಗಳ ಮೇಲೆ ಇಟ್ಟುಬಿಟ್ಟೆ. ನೀವು ಓಡಿ ಬಂದು ಮತ್ತೆ ಕೆಳಗಿಳಿಸಿ, ಅಂಗೈಯಿಂದ ನೆಲ ತಟ್ಟಿ ತೋರಿಸಿದಿರಿ. ಆತ ಭೂಮಿಯ ದೇವರು, ನೆಲ ಬಿಟ್ಟು ಇರಬಾರದವನು. ನಾನು ಗಲ್ಲಕ್ಕೆ ಬಡಿದುಕೊಂಡೆ. ನೀವು ನಕ್ಕು ನನ್ನ ಕೈಗೆ ಕಿತ್ತಳೆ ಇಟ್ಟಿರಿ. ಮುಂದಿನ ವಾರದಿಂದ ನಾನು ನಿಮ್ಮಲ್ಲಿ ಸೊಪ್ಪು ಕಟ್ಟುವವಳಾದೆ. ಅದನ್ನು ಸಂಬಳದ ಕೆಲಸ ಎನ್ನಲೇ, ಇಲ್ಲಾ...

ಲಿನ್‌ಗೆ ಆಗ ಮೂರು ವರ್ಷ. ನಾನು ಕೊತ್ತಂಬರಿ ಕಟ್ಟುತ್ತಿದ್ದರೆ ಎದುರು ಕೂತು ರಬ್ಬರ್ ಬ್ಯಾಂಡ್ ಎಣಿಸಿ ಕೊಡುತ್ತಿದ್ದಳು. ಸುಮ್ಮನೆ ಕೈ ಆಡಿಸುವ ಅಭ್ಯಾಸ ನನಗಿಲ್ಲ. ನಮ್ಮೂರ ಶಾಲೆಯಲ್ಲಿ ಕಲಿತ ಮಗ್ಗಿ ಹೇಳುತ್ತಿದ್ದೆ. ಮಗು ಮಗ್ಗಿಯನ್ನೂ ಅದರ ಜೊತೆ ನನ್ನ ಕನ್ನಡವನ್ನೂ ಹಿಡಿದುಕೊಂಡಿತು. ಒಮ್ಮೆ ನಮ್ಮವರು ನನ್ನನ್ನು ಕರೆದೊಯ್ಯಲು ಬಂದಾಗ ಕೇಳಿಸಿಕೊಂಡು, "ಚೀನಾ ಮಗೂಗೆ ಕನ್ನಡ ಮಗ್ಗಿ! ಅವರಜ್ಜಿಗೂ ಸಂಧ್ಯಾವಂದನೆ ಹೇಳ್ಕೊಟ್ಟಿರ್ತೀಯ ಬಿಡು" ಎಂದು ಅಣಕಿಸಿದ್ದರು. ಅರ್ಥವಾಗದೆಯೂ ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಿರಿ.

ನೀವು ಹೋದ ಮೇಲೆ ಮಗು ಚೈನೀಸ್ ಆಡುವುದನ್ನೇ ಬಿಟ್ಟಿತು. ಅಪ್ಪ ಚೈನೀಸ್‌ನಲ್ಲಿ ಕೇಳಿದರೆ ತಲೆ ಆಡಿಸುವುದು ಅಷ್ಟೆ. ತಿಂಗಳೊಳಗೆ ಸ್ಕೂಲು ಶುರುವಾಯಿತು. ಅಲ್ಲಿ ಅವಳ ಬಾಯಲ್ಲಿ ಯಾವ ಭಾಷೆಯೂ ಇಲ್ಲ. ಆರು ವರ್ಷದ ಮಗು, ಬೆಳಗ್ಗೆ ಕೂತ ಹಾಗೇ ಸಂಜೆವರೆಗೆ. ಅದರೊಳಗೆ ಏನು ನಡೆಯುತ್ತಿತ್ತೋ, ನಿಮಗಾದರೂ ಕಾಣುತ್ತಿತ್ತೇ?

ಒಂದು ಮಧ್ಯಾಹ್ನ ನಿಮ್ಮ ಮಗ ನಾನು ಕಟ್ಟುತ್ತಿದ್ದ ಸೊಪ್ಪಿನ ಮುಂದೆ ಬಂದು ನಿಂತ. "ಆಂಟಿ, ನನ್ನ ಮಗಳಿಗೆ ಏನು ಕಲಿಸಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಸ್ಕೂಲಿನವರು ಫೋನಿನಲ್ಲಿ ಚೈನೀಸ್ ಬಲ್ಲವರೊಬ್ಬರನ್ನು ಹಿಡಿದು ಲಿನ್‌ಳನ್ನು ಪರೀಕ್ಷೆ ಮಾಡಿದ್ದರಂತೆ. ಚೈನೀಸ್ ದನಿ ಕೇಳಿದ್ದೇ ಅವಳು ಅತ್ತಿದ್ದಾಳೆ. ಆಮೇಲೆ ಎಣಿಸಲು ಮರದ ತುಂಡುಗಳನ್ನು ಮುಂದಿಟ್ಟಾಗ ಒಂದೇ ಸಮನೆ ಏನೋ ಹೇಳಿದ್ದಾಳೆ. ಫೋನಿನವರು, ಇದು ಚೈನೀಸೇ ಅಲ್ಲ ಎಂದರಂತೆ. ಹಾಗಾದರೆ ಮಗು ಅರ್ಥವಿಲ್ಲದ್ದು ಒದರುತ್ತಿದೆ, ಮಾತಿನಲ್ಲಿ ದೋಷವಿದೆ, ಬೇರೆ ತರಗತಿಗೆ ಹಾಕಬೇಕಾಗಬಹುದು, ನಾಳೆ ಬನ್ನಿ ಎಂದಿದ್ದಾರೆ. ಅಕ್ಕಾ, ಅದು ನಾನು ಹೇಳಿಕೊಟ್ಟ ಮಗ್ಗಿಯೇ ಇರಬೇಕು. ನಾನೇ ಮಗುವನ್ನು ಕೆಡಿಸಿದೆನೇ? ನೀವು ನನ್ನ ಮಡಿಲಿಗೆ ಬಿಟ್ಟ ಮಗುವನ್ನು...

ಮರುದಿನ ಸೀರೆ ಉಟ್ಟು, ಕುಂಕುಮ ಇಟ್ಟು, ದೇವರಿಗೆ ಕೈ ಮುಗಿದು ನಿಮ್ಮ ಮಗನ ಜೊತೆ ಹೋದೆ. ಟೀಚರ್ ಚಿಕ್ಕ ವಯಸ್ಸಿನ ಹೆಂಗಸು, ಕೆಟ್ಟವಳಲ್ಲ. ನನ್ನನ್ನು ಲಿನ್ ಎದುರು ಕುಳ್ಳಿಸಿದರು. "ಹೇಳು ಪುಟ್ಟಿ" ಅಂದೆ. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು..." ಅವಳು ಹೇಳುತ್ತಾ ಹೋದ ಹಾಗೆ ನಾನು ಮರದ ತುಂಡುಗಳನ್ನು ಎರಡೆರಡಾಗಿ ಜೋಡಿಸುತ್ತಾ ಹೋದೆ. ಐದರ ಮಗ್ಗಿವರೆಗೆ ಒಂದೂ ತಪ್ಪಲಿಲ್ಲ. ಟೀಚರ್ ಬೆನ್ನು ನೆಟ್ಟಗಾಯಿತು. ಅವಳು ನನ್ನನ್ನೇ ನೋಡಿ ಗಡಗಡ ಪ್ರಶ್ನೆ ಕೇಳತೊಡಗಿದಳು. ಯಾವ ಭಾಷೆ, ಎಲ್ಲಿಯದು, ಎಷ್ಟು ದಿನದಿಂದ? ನನ್ನ ಬಾಯಿಂದ "ಐ... ಐ..." ಬಿಟ್ಟರೆ ಬೇರೇನೂ ಹೊರಡಲಿಲ್ಲ.

ಆಗ ಲಿನ್ ಕುರ್ಚಿಯಿಂದ ಇಳಿದು ಬಂದು ನನ್ನ ಪಕ್ಕ ನಿಂತಳು. ಟೀಚರ್ ಕಡೆ ತಿರುಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, "ನಿಧಾನವಾಗಿ ಕೇಳಿ. ಆಂಟಿಗೆ ಇಂಗ್ಲಿಷ್ ಕಷ್ಟ. ನಾನು ಹೇಳ್ತೀನಿ" ಅಂದಳು. ಹೇಳಿದಳು ಕೂಡ! ಅವರ ಪ್ರಶ್ನೆ ನನಗೆ ಕನ್ನಡದಲ್ಲಿ, ನನ್ನ ಉತ್ತರ ಅವರಿಗೆ ಇಂಗ್ಲಿಷಿನಲ್ಲಿ. ನಿಮ್ಮ ಮಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅಕ್ಕಾ, ಅದು ಅಂಗಡಿಯ ಮಗು. ಗಿರಾಕಿ ಏನು ಕೇಳುತ್ತಾನೆಂದು ನಿಮಗೆ ತಿಳಿಸಿ, ನೀವು ಹೇಳಿದ್ದನ್ನು ಅವನಿಗೆ ತಿಳಿಸಿ ಮಾತು ಕಲಿತದ್ದು. ತನ್ನ ಮಾತು ಯಾರಿಗೂ ಬೇಕಿಲ್ಲದ ಕಡೆ ಮಾತಾಡುವುದು ಹೇಗೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಇಷ್ಟು ಚಿಕ್ಕ ಎದೆಯಲ್ಲಿ ಮೂರು ಭಾಷೆ ಇಟ್ಟು ಬೀಗ ಹಾಕಿದ ದೇವರ ಲೀಲೆಗೆ ಏನೆನ್ನಲಿ?

ಹೊರಡುವಾಗ ಟೀಚರ್ ಬಗ್ಗಿ, ನಾಳೆ ಕ್ಲಾಸಿನಲ್ಲೂ ಮಾತಾಡುತ್ತೀಯಾ ಎಂದು ಕೇಳಿದಳು. ಲಿನ್ ಯೋಚಿಸಿ, "ಯಾರಿಗೋಸ್ಕರ?" ಅಂದಳು. ಆ ಹೆಂಗಸು ಪುಣ್ಯಾತ್ಗಿತ್ತಿ, ನಗಲಿಲ್ಲ. "ನನಗೋಸ್ಕರ. ನನಗೆ ಚೈನೀಸೂ ಬರಲ್ಲ, ಕನ್ನಡಾನೂ ಬರಲ್ಲ" ಅಂದಳು.

ಬೇರೆ ತರಗತಿಯ ಮಾತು ಅಲ್ಲಿಗೇ ನಿಂತಿತು. ಮರುದಿನ ಸಂಜೆ ಲಿನ್ ಅಂಗಡಿಗೆ ಬಂದವಳೇ ಅಪ್ಪನ ಮುಂದೆ ನಿಂತು ಚೈನೀಸ್‌ನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವನು ತಕ್ಕಡಿ ಬಿಟ್ಟು ಅಲ್ಲೇ ಕುಸಿದು ಕೂತ. ಏನಂತೆ ಎಂದು ಕೇಳಿದೆ. ಲಿನ್‌ಳೇ ಕನ್ನಡದಲ್ಲಿ ಹೇಳಿದಳು: "ಟೀಚರ್‌ಗೆ ಚೈನೀಸಲ್ಲಿ ಹತ್ತರ ತನಕ ಎಣಿಸೋದು ಕಲಿಸ್ದೆ ಆಂಟಿ. ಅವರಿಗೆ ಏಳು ಬರ್ತಾನೇ ಇಲ್ಲ. ಅಜ್ಜಿ ನಂಗೆ ಹೇಳ್ಕೊಟ್ಟ ಹಾಗೇ ನಿಧಾನವಾಗಿ ಹೇಳ್ಕೊಡ್ತಾ ಇದ್ದೀನಿ."