ಮುನಿಯಲ್ಲಪ್ಪನಿಗೆ ಹೊತ್ತ ಹರಕೆ

ರಾಯಲ್ಪಾಡು,
ಜೂನ್ ೧೯೮೩, ಭಾನುವಾರ

ಅಕ್ಕರೆಯ ಕದಿರಮ್ಮತ್ತೆಗೆ,

ಹುಳದ ಮನೆಯ ಬಾಗಿಲಲ್ಲಿ ಕೂತು ನಿನ್ನ ಭಾರತಿ ಬರೆಯುತ್ತಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ. ರೇಷ್ಮೆ ಹುಳುಗಳೂ ಕ್ಷೇಮ. ಮೂರನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿವೆ, ಮದುವೆ ಮನೆಗೆ ಬಂದ ನೆಂಟರ ಹಾಗೆ ತಿನ್ನುತ್ತಿವೆ.

ಮಾವ ನಿನ್ನೆ ಬೆಂಗಳೂರಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದ. ಇನ್ನು ಮನೆಗೆ ಹೋಗಬಹುದು ಅಂತ ಡಾಕ್ಟರಮ್ಮ ಹೇಳಿದರೆ, ನೀನು ಮಂಚದ ಕಂಬಿ ಹಿಡಿದುಕೊಂಡು "ನಾನು ಬರಲ್ಲ" ಅಂದೆಯಂತೆ. ಎರಡು ವರ್ಷ ಮನೆಯಿಂದ ಆಚೆ ಬರುವುದಿಲ್ಲ ಅಂತ ಹಟ ಹಿಡಿದವಳು ಈಗ ಆಸ್ಪತ್ರೆಯಿಂದ ಆಚೆ ಬರುವುದಿಲ್ಲ ಅನ್ನುತ್ತಿದ್ದೀಯ. "ನಿಮ್ಮತ್ತೆ ಎಲ್ಲಿ ಕೂತ್ರೆ ಅಲ್ಲೇ ಬೇರು ಬಿಡ್ತಾಳೆ ಕಣಮ್ಮ. ಮಾವಿನ ಸಸಿಯಾಗಿ ಹುಟ್ಬೇಕಾಗಿತ್ತು" ಅಂದ ಮಾವ. ನಗುವುದಕ್ಕೆ ನೋಡಿದ, ಆಗಲಿಲ್ಲ. ಊಟ ಬೇಡ ಅಂತ ತೋಟದ ಕಡೆ ಹೋದ.

ಯಾಕೆ ಬರುವುದಿಲ್ಲ ಅಂತಲೂ ಅವನು ಹೇಳಿದ. "ಹುಚ್ಚಾಸ್ಪತ್ರೆಯಿಂದ ಬಂದೋಳು ಅಂತ ಊರೆಲ್ಲ ಬೆಟ್ಟು ಮಾಡಿ ತೋರಿಸ್ತಾರೆ. ಪಕ್ಕದ ಮನೆ ಬೈರಮ್ಮನ ಬಾಯಿಗೆ ಬಿದ್ದು ನಾನು ಬದುಕಲ್ಲ" ಅಂದೆಯಂತೆ. ಅದಕ್ಕೇ ಈ ಕಾಗದ. ಎದುರಿಗೆ ಕೂತು ಹೇಳು ಅಂದರೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಬರೆಯುವುದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೆ ನೀನು ಅದನ್ನು ಒಳಗಿನಿಂದ ನೋಡಿದೆ, ನಾನು ಪಕ್ಕದಲ್ಲಿ ಕೂತು ನೋಡಿದೆ.

ನಾನು ಈ ಊರಿಗೆ ಬಂದ ಕಥೆ ನಿನಗೆ ಪೂರ್ತಿ ಹೇಳಿರಲಿಲ್ಲ. ಕೋಲಾರದಲ್ಲಿ ಕನ್ನಡ ಬಿ.ಎ. ಮುಗಿಸಿ ಮುಳಬಾಗಿಲಿನ ಮನೆಯಲ್ಲಿ ಕೂತಿದ್ದೆ. ಗಂಡಿನ ಕಡೆಯವರು ಹೆಸರು ಕೇಳಿದರೆ ನನ್ನ ಬದಲು ಅಮ್ಮ ಹೇಳುತ್ತಿದ್ದಳು. ಕೊನೆಗೆ ಬಂದವರು ಹೊರಡುವಾಗ, "ಹುಡುಗಿಗೆ ಮಾತು ಬರ್ತದೆ ತಾನೇ?" ಅಂತ ಕೇಳಿಯೇ ಬಿಟ್ಟರು. ಅಪ್ಪನಿಗೆ ಆಗ ನಿನ್ನ ನೆನಪಾಯಿತು. ಆಚೆ ಬರದ ತಂಗಿಯ ಮನೆಗೆ ಬಾಯಿ ಬಿಡದ ಮಗಳು ಸರಿಹೋದಾಳು ಅಂದುಕೊಂಡು ಬಸ್ಸು ಹತ್ತಿಸಿದ.

ಬಂದ ದಿನ ನೀನು ಹೊಸಿಲಿನ ಒಳಗೆ ನಿಂತು, ನಾನು ಹೊರಗೆ ನಿಂತು, ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅದಕ್ಕೂ ಮೊದಲು ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ನಿನ್ನ ಎದೆ ನಗಾರಿ ಹೊಡೆದಂತೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಸತ್ತೇ ಹೋದೆ ಅನ್ನಿಸಿತಂತೆ. ಮುಂದೆ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಆಮೇಲೆ ತೋಟಕ್ಕೆ ಹೋಗಲಿಲ್ಲ. ಆಮೇಲೆ ಬೀದಿಯ ನಲ್ಲಿಗೂ ಹೋಗಲಿಲ್ಲ. ಯಂತ್ರ ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು. ಮನೆಗೇ ಬಂದು ನೋಡಿದ ಡಾಕ್ಟರು ಎದೆ ಗಟ್ಟಿಯಾಗಿದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದಾಗ ನೀನು ಅವರ ಕಾಫಿ ಲೋಟವನ್ನು ಅರ್ಧಕ್ಕೇ ತೆಗೆದುಕೊಂಡು ಒಳಗೆ ಹೋದೆ. ಮಾವ ಇವತ್ತಿಗೂ ಅದನ್ನು ಹೇಳಿಕೊಂಡು ನಾಚುತ್ತಾನೆ.

ನಿನಗೆ ಇದ್ದ ಒಂದೇ ಸಮಾಧಾನವೆಂದರೆ ಪತ್ತೇದಾರಿ ಕಾದಂಬರಿ. ಮಾವ ಬಾಡಿಗೆಗೆ ತಂದು ಕೊಡುತ್ತಿದ್ದ. ಹೆಂಗಸರು ಹುಳುವಿಗೆ ಸೊಪ್ಪು ಹೆಚ್ಚುತ್ತ ಕೂತಾಗ ನಾನು ಓದಬೇಕು. ಮೊದಲ ದಿನ ನನ್ನ ದನಿ ನನಗೇ ಕೇಳಿಸಲಿಲ್ಲ. ಪಕ್ಕದ ಮನೆಯ ಬೈರಮ್ಮ, "ಏನೇ ಇದು, ಹೆಣಾನೇ ಎದ್ದು ಓದ್ದಂಗೆ ಓದ್ತೀಯ" ಅಂದಳು. ಅಂಗಡಿಯ ಪುಸ್ತಕವೆಲ್ಲ ಮುಗಿದ ಮೇಲೆ ನೀನು ಹೇಳಿದೆ: "ನೀನೇ ಒಂದು ಬರಿಯೇ. ಬಿ.ಎ. ಓದಿದ್ದು ಯಾತಕ್ಕೆ, ಸೊಪ್ಪು ಹೆಚ್ಚೋದಕ್ಕಾ?"

ನಾನು ಬರೆದ ಪತ್ತೇದಾರನ ಹೆಸರು ಮೊದಲು ಪ್ರಶಾಂತ ಅಂತಿತ್ತು. ಕೋಲಾರದ ನಿವೃತ್ತ ಇನ್ಸ್‌ಪೆಕ್ಟರು. ಬಾಗಿಲು ದಾಟಿದರೆ ಎದೆ ಹೊಡೆದುಕೊಳ್ಳುತ್ತದೆ, ಆದ್ದರಿಂದ ಮನೆಯೊಳಗೇ ಕೂತು ಕೊಲೆಗಾರನನ್ನು ಹಿಡಿಯಬೇಕು. ಕೊಲೆಗಾರ ಊರೊಳಗೆ ಸ್ಕೂಟರಿನಲ್ಲಿ ಓಡಾಡುತ್ತ ದಿನಕ್ಕೊಬ್ಬರನ್ನು ಮುಗಿಸುತ್ತ, ಇನ್ಸ್‌ಪೆಕ್ಟರ ಬೀದಿಗೆ ಹತ್ತಿರವಾಗುತ್ತಿರುತ್ತಾನೆ. ಮೊದಲ ಅಧ್ಯಾಯಕ್ಕೇ ಬೈರಮ್ಮ ತಕರಾರು ತೆಗೆದಳು. "ಪ್ರಶಾಂತ ಅನ್ನೋನಿಗೆ ಕಾಯಿಲೆ ಬಂದ್ರೆ ನಮಗೇನೇ? ನಮ್ಮೋನ ಹೆಸರಿಡು." ಹೀಗೆ ಅವನು ಮುನಿಯಲ್ಲಪ್ಪನಾದ. ಆ ಕ್ಷಣದಿಂದ ಅವನು ನನ್ನ ಕೈಯಲ್ಲಿ ಉಳಿಯಲಿಲ್ಲ. ಒಬ್ಬಂಟಿಯಾದರೆ ಮುದ್ದೆ ಯಾರು ತಿರುವುತ್ತಾರೆ ಅಂತ ಅವನಿಗೊಬ್ಬ ಅಕ್ಕ ಬಂದಳು. ಹೆಣ ಬೀಳದ ದಿನ "ಇವತ್ತು ಬರೀ ಮಾತೇನಾ?" ಅಂತ ಮುಖ ಸಪ್ಪೆ ಮಾಡುತ್ತಿದ್ದರು. ಹೆಣ ಬಿದ್ದ ದಿನ ಕತ್ತಿಗಳು ಎಷ್ಟು ಜೋರಾಗಿ ಆಡುತ್ತಿದ್ದವೆಂದರೆ ಮಾವ ತಟ್ಟೆ ನೋಡಿ, "ಇದೇನು ಹುಳುಗೆ ಸೊಪ್ಪೋ, ಕೊತ್ತಂಬರಿ ಚಟ್ನಿಯೋ?" ಅನ್ನುತ್ತಿದ್ದ.

ಕಥೆಯ ಮಧ್ಯದಲ್ಲಿ ಮುನಿಯಲ್ಲಪ್ಪನ ಮನೆಗೆ ಒಬ್ಬ ಡಾಕ್ಟರಮ್ಮನನ್ನು ಕರೆಸಿದೆ. ಅವಳು ಹೇಳುತ್ತಾಳೆ: "ಮಾವಿನ ತೋಪಿಗೆ ಕಟ್ಟಿದ ನಾಯಿ ಕಳ್ಳ ಬರದಿದ್ದರೂ ಬೊಗಳುವುದುಂಟು. ನಾಯಿಗೆ ಹುಚ್ಚು ಹಿಡಿದಿಲ್ಲ. ಕಳ್ಳ ಯಾರು, ನೆಂಟ ಯಾರು ಅಂತ ಅದಕ್ಕೆ ಮತ್ತೆ ಕಲಿಸಬೇಕು, ಅಷ್ಟೇ." ಅದನ್ನು ಓದುವಾಗ ನಾನು ನಿನ್ನ ಮುಖ ನೋಡಲಿಲ್ಲ, ಧೈರ್ಯ ಬರಲಿಲ್ಲ. ನಿನ್ನ ಕತ್ತಿಯ ಸದ್ದು ನಿಂತದ್ದು ಮಾತ್ರ ಕೇಳಿಸಿತು.

ಆಮೇಲೆ ಆ ಶುಕ್ರವಾರ. ಕೊಲೆಗಾರ ಬೀದಿಯಲ್ಲಿ ನಿಂತಿದ್ದಾನೆ, ಎದುರು ಮನೆಯ ಮಗು ಆಚೆ ಆಡುತ್ತಿದೆ, ಮುನಿಯಲ್ಲಪ್ಪ ಹೊಸಿಲಿನ ಮೇಲೆ ಉಸಿರು ಸಿಕ್ಕದೆ ಕುಸಿದಿದ್ದಾನೆ. ನಾನು ಬರೆದದ್ದು ಅಲ್ಲಿಗೇ ನಿಂತಿತ್ತು. "ಮುಂದೆ?" ಅಂದಿರಿ. "ನಾಳೆ" ಅಂದೆ. ನೀನು ತಡೆಯಲಾರದೆ ಎದ್ದು ಹೋಗಿ, ಕಿಟಕಿಯಿಂದ ಗುಟ್ಟದ ತುದಿಯ ಗುಡಿಯ ಕಡೆ ಕೈ ಮುಗಿದುಬಿಟ್ಟೆ. "ಅಮ್ಮಾ ಗುಟ್ಟದ ಗಂಗಮ್ಮ, ನಮ್ಮ ಮುನಿಯಲ್ಲಪ್ಪ ಹೊಸಿಲು ದಾಟ್ಲಿ ತಾಯಿ. ತಲೆ ಮೇಲೆ ತಂಬಿಟ್ಟಿನ ದೀಪ ಹೊತ್ಕೊಂಡು ಗುಟ್ಟ ಹತ್ತಿ ಬರ್ತೀನಿ!"

ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಬೈರಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು "ಪಾಪಂ" ಅಂದಳು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಅಲ್ಲ ಕದಿರಕ್ಕ, ದೀಪ ಹೊತ್ಕೊಂಡು ಗುಟ್ಟ ಹತ್ತೋದು ಯಾರು?" ಅಂತ ಕೇಳಿದಳು. ನಿನ್ನ ಮುಖ ಆಗ ಬಿಳುಚಿಕೊಂಡಂತೆ ಯಾವ ಕಾದಂಬರಿಯಲ್ಲೂ ಯಾರ ಮುಖವೂ ಬಿಳುಚಿಕೊಂಡಿರಲಿಕ್ಕಿಲ್ಲ.

ಮಾರನೇ ಬೆಳಿಗ್ಗೆ ನೀನು ನನಗೆ ಗಟ್ಟಿ ಹಾಲಿನ ಕಾಫಿ ಕೊಟ್ಟೆ. ಜೊತೆಗೆ ನಿಪ್ಪಟ್ಟು. ನನ್ನ ಜಡೆ ಸವರುತ್ತ, "ಭಾರ್ತಿ, ಮುನಿಯಲ್ಲಪ್ಪನ್ನ ಮುಗಿಸಿಬಿಡೇ" ಅಂದೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಬಾಳ ನೋವಾಗ್ದಂಗೆ. ಉಸಿರು ನಿಂತೋಯ್ತು ಅಂತ ಒಂದು ಸಾಲು ಸಾಕು. ಅವನು ಹೊಸಿಲು ದಾಟದಿದ್ರೆ ಹರಕೇನೂ ಇಲ್ಲ." ನಿಜ ಹೇಳುತ್ತೇನೆ ಅತ್ತೆ, ನಾನು ಅವನನ್ನು ಕೊಲ್ಲಬೇಕೆಂದೇ ಇದ್ದೆ. ಒಳ್ಳೆಯ ಕೃತಿಯ ಕೊನೆ ದುಃಖದ್ದಾಗಿರಬೇಕು ಅಂತ ಕಾಲೇಜಿನಲ್ಲಿ ಕಲಿತು ಬಂದಿದ್ದೆ. ಆದರೆ ನಿಪ್ಪಟ್ಟು ಕೊಟ್ಟು ಕೊಲ್ಲಿಸುವುದು ದುರಂತ ಅನ್ನಿಸಲಿಲ್ಲ.

ನೀನು ಅಷ್ಟಕ್ಕೆ ಬಿಡದೆ, ಗುಟ್ಟದ ಪೂಜಾರಿ ದೊಡ್ಡವೆಂಕಟಪ್ಪನವರನ್ನು ಕರೆಸಿದೆ. ಕಥೆಯ ಮನುಷ್ಯನಿಗೆ ಹೊತ್ತ ಹರಕೆ ನಡೆಯುತ್ತದೆಯೇ, ಇಲ್ಲವೇ? ಅವರು ಎಲೆ ಅಡಿಕೆ ಮುಗಿಯುವವರೆಗೂ ಯೋಚಿಸಿ ತೀರ್ಪು ಕೊಟ್ಟರು. "ಅವನು ಕಥೆಯೋನಾದ್ರೆ ಏನಾಯ್ತಮ್ಮ? ಕೇಳಿಸ್ಕೊಂಡಿರೋ ಗಂಗಮ್ಮ ಕಥೆಯೋಳಲ್ಲವಲ್ಲ." ಬೇರೆಯವರು ಹೊರಬಹುದೇ ಅಂದರೆ, "ಹರಕೆ ಹೊತ್ತ ಬಾಯಿ ಯಾವ ತಲೇಲಿ ಐತೋ ಆ ತಲೇನೇ ದೀಪಾನೂ ಹೊರಬೇಕು" ಅಂದು ಎದ್ದು ಹೋದರು.

ಇನ್ನು ತೀರ್ಮಾನಕ್ಕೆ ನಾನೊಬ್ಬಳೇ ಉಳಿದೆ. ಒಂದು ಕಡೆ ನೀನು ಕೊಲ್ಲು ಅನ್ನುತ್ತಿದ್ದೆ. ಇನ್ನೊಂದು ಕಡೆ ಬೈರಮ್ಮ, "ಅವನ್ನೇನಾದ್ರೂ ಸಾಯಿಸಿದ್ರೆ ನಿನ್ನ ಮದುವೇಗೆ ನಾವ್ಯಾರೂ ಬರಲ್ಲ" ಅನ್ನುತ್ತಿದ್ದಳು. ಮಾವ ಟೊಮೊಟೊ ತುಂಬಿದ ಗಾಡಿ ಹೊರಡುವ ಮುಂಚೆ, ನೀನು ಹಿತ್ತಲಲ್ಲಿದ್ದಾಗ, ನನ್ನ ಹತ್ತಿರ ಬಂದು ಮೆಲ್ಲಗೆ, "ಅವನು ಬದುಕ್ಲಿ ಕಣಮ್ಮ" ಅಂದ. ಅವನ ಕಣ್ಣು ನೋಡಿದ್ದರೆ ನೀನೂ ಮುನಿಯಲ್ಲಪ್ಪನನ್ನು ಕೊಲ್ಲುತ್ತಿರಲಿಲ್ಲ.

ಅವನು ಬದುಕಿದ. ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗಿ, ಗಡಗಡ ನಡುಗುತ್ತ ಎದ್ದು, ಬಾಗಿಲು ಹಿಡಿದುಕೊಂಡು ಆಚೆ ಬಂದು ಮಗುವನ್ನು ಎತ್ತಿಕೊಂಡ. ಬೀದಿಯವರು ಸೇರಿ ಕೊಲೆಗಾರನನ್ನು ಹಿಡಿದರು. ಎಲ್ಲರೂ ಹೋ ಅಂದರು. ನೀನು ಮಾತ್ರ ಲಾಯರಿನ ಹಾಗೆ ಎದ್ದೆ. "ಇದು ನಡೆಯಲ್ಲ. ಅವನಿಗೆ ವಾಸಿಯಾಗಿಲ್ಲ, ನಡುಗ್ತಾ ದಾಟಿದಾನೆ." ಬೈರಮ್ಮ ಸೊಪ್ಪಿನಿಂದ ತಲೆ ಎತ್ತದೆ, "ನೀನೂ ನಡುಗ್ತಾನೇ ಹೊರು ಕದಿರಕ್ಕ, ಗಂಗಮ್ಮ ಏನು ಬೇಡ ಅಂತಾಳಾ?" ಅಂದಳು. ನೀನು ಸಿಟ್ಟಿನಿಂದ ಕೂಗಿದೆ: "ಅವನಿಗಾದ್ರೆ ಡಾಕ್ಟ್ರು, ಮಾತ್ರೆ. ನನಗೆ ಬರೀ ನೀನಾ? ನನಗೂ ಡಾಕ್ಟ್ರನ್ನ ತೋರಿಸಿ, ಆಮೇಲೆ ಕೇಳಿ!"

ಹೇಳಿದ ಮೇಲೆ ನೀನು ಬಾಯಿ ಮುಚ್ಚಿಕೊಂಡೆ. ಆಗಲೇ ತಡವಾಗಿತ್ತು, ಮಾವ ವ್ಯಾನು ತರಲಿಕ್ಕೆ ಓಡಿದ್ದ.

ಆ ಪ್ರಯಾಣವನ್ನು ನಾನು ಮರೆಯುವುದಿಲ್ಲ. ವ್ಯಾನನ್ನು ಹೊಸಿಲಿಗೇ ಒತ್ತಿ ನಿಲ್ಲಿಸಿದ್ದು, ಕಂಬಳಿ ಹೊದ್ದು ನೀನು ಹತ್ತಿದ್ದು, ಬೆಂಗಳೂರಿನವರೆಗೂ ನನ್ನ ಕೈ ಬಿಡದೆ ಇದ್ದದ್ದು. ಕಥೆಯನ್ನು ಮೊದಲಿನಿಂದ ಓದು ಅಂದೆ. ಎಂಜಿನ್ನಿನ ಸದ್ದನ್ನು ಮೀರಿ ನಾನು ಕೂಗಿ ಓದಿದೆ, ಗಂಡಿನ ಕಡೆಯವರು ಕೇಳಿದ್ದರೆ ಓಡಿಹೋಗುತ್ತಿದ್ದರು. ನನ್ನ ಗಂಟಲಲ್ಲಿ ಅಷ್ಟು ದನಿ ಇದೆಯೆಂದು ಅವತ್ತೇ ನನಗೆ ತಿಳಿದದ್ದು. ಇದನ್ನು ನಿನಗೆ ಹೇಳಬೇಕು ಅಂತ ಅಂದಿನಿಂದ ಅಂದುಕೊಳ್ಳುತ್ತಿದ್ದೇನೆ.

ಈಗ ಊರಿನ ಮಾತಿಗೆ ಬರುತ್ತೇನೆ. ಬೈರಮ್ಮ ಏನನ್ನುತ್ತಾಳೆ ಅಂತ ತಾನೇ ನಿನ್ನ ಹೆದರಿಕೆ? ನಲ್ಲಿಯ ಹತ್ತಿರ ಅವಳು ಎಲ್ಲರಿಗೂ ಹೇಳುತ್ತಿರುವುದು ಇದು: "ನಮ್ಮ ಕದಿರಕ್ಕ ಮುನಿಯಲ್ಲಪ್ಪನ ಡಾಕ್ಟ್ರ ಹತ್ರ ಹೋಗವಳೆ." ಹೇಳುವ ಠೀವಿ ನೋಡಿದರೆ ನೀನು ಆಸ್ಪತ್ರೆಗಲ್ಲ, ಡೆಲ್ಲಿಗೆ ಹೋದ ಹಾಗಿದೆ. ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದು, ಗಂಡ ಹೋದಾಗಿನಿಂದ ತನಗೆ ನಿದ್ದೆಯೇ ಇಲ್ಲ, ಅದಕ್ಕೂ ಅಲ್ಲಿ ಮಾತ್ರೆ ಕೊಡುತ್ತಾರಾ ಅಂತ ಕೇಳಿದಳು. ಯಾವಾಗಲೂ ನಗಿಸುವ ಬೈರಮ್ಮ, ಅತ್ತೆ! ನಾನು ದಿನಾ ಎದುರಿಗೆ ಕೂತು ಓದಿದೆ, ನನಗೆ ಕಾಣಿಸಲಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡವೆಂಕಟಪ್ಪನವರು ಬಂದರು. ಹರಕೆ ಜ್ಞಾಪಿಸಲು ಬಂದರೇನೋ ಅಂದುಕೊಂಡೆ. ಅವರು ಜಗಲಿಯ ಮೇಲೆ ಕೂತು, ಮಳೆಯ ವಿಷಯ ಮಾತಾಡಿ, ಮಾವಿನ ಬೆಲೆಯ ವಿಷಯ ಮಾತಾಡಿ, ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ಆ ಡಾಕ್ಟ್ರಮ್ಮ ಗಂಡಸರ್ನೂ ನೋಡ್ತಾರೇನಮ್ಮ? ನನಗೂ ಎದೆ ಹಂಗೇ ಹೊಡ್ಕೊಂತದೆ. ಪೂಜೆ ಮಾಡೋನೇ ಹಿಂಗಂದ್ರೆ ಊರೋರು ಏನಂದಾರು ಅಂತ ಸುಮ್ಕಿದ್ದೆ." ನಿನಗೊಬ್ಬಳಿಗೆ ತಿಳಿಸಲೇ ಅಂತ ಕೇಳಿದೆ. "ಬರಿ ತಾಯಿ. ಅವಳಿಗಾದ್ರೆ ಅರ್ಥ ಆಯ್ತದೆ" ಅಂದರು.

ಯಾವ ಬಾಗಿಲಲ್ಲಿ ಚೀಟಿ ಮಾಡಿಸಬೇಕು, ಡಾಕ್ಟರಮ್ಮ ಮೊದಲು ಏನು ಕೇಳುತ್ತಾರೆ, ಮಾತ್ರೆ ತಿಂದರೆ ಮುದ್ದೆ ಸೇರುತ್ತದೆಯೇ, ಇದೆಲ್ಲ ಅವರಿಗೆ ನಾನು ಏನಂತ ಹೇಳಲಿ? ನಾನು ಬರೆದ ಡಾಕ್ಟರು ಸುಳ್ಳು. ಹೋಗಿ ಬಂದ ದಾರಿ ಗೊತ್ತಿರುವವಳು ಈ ಊರಿನಲ್ಲಿ ನೀನೊಬ್ಬಳೇ. ಇಬ್ಬರು ಕಾಯುತ್ತಿದ್ದಾರೆ, ಬೇಗ ಬಾ. ಪೂರ್ತಿ ವಾಸಿಯಾಗಿಯೇ ಬರಬೇಕು ಅಂತ ಇಲ್ಲಿ ಯಾರೂ ಕೂತಿಲ್ಲ.

ಮಾವ ಬುಧವಾರ ವ್ಯಾನು ತರುತ್ತಾನೆ. ಈ ಸಲ ಊರ ಬಾಗಿಲಿಗೆ ನಿಲ್ಲಿಸುತ್ತಾನಂತೆ, ಅಲ್ಲಿಂದ ಮನೆಗೆ ನಡೆದೇ ಬರೋಣ. ನಾನು ಪಕ್ಕದಲ್ಲಿರುತ್ತೇನೆ. ಯಾರಾದರೂ ಏನಾದರೂ ಅಂದರೆ ಉತ್ತರ ಕೊಡುವುದಕ್ಕೆ ಈಗ ನನಗೂ ಗಂಟಲಿದೆ.

ಗುಟ್ಟದ ಗಂಗಮ್ಮ ನಿನ್ನ ಎದೆಯನ್ನು ತಣ್ಣಗಿಡಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ದಾರಿ ಕಾಯುತ್ತಿರುವ ಸೊಸೆ,
ಭಾರತಿ